ಜಡೆ ಯಾಕೆ ನಿಲ್ಲುತ್ತಿಲ್ಲ, ಮಗು ಯಾಕೆ ಅಳುತ್ತಿದೆ: ಹೆಣ್ಣುಮಕ್ಕಳ ತಲೆ ಬಾಚುವವರಿಗೆ ದೋಷ ನಿವಾರಣೆ ಕೈಪಿಡಿ

ಮನೆಯಲ್ಲಿ ಪುಟ್ಟ ಹೆಣ್ಣುಮಕ್ಕಳ ತಲೆ ಬಾಚುವಾಗ ಏನೇ ಎಡವಟ್ಟಾದರೂ ನಾವು ಮಾಡುವ ರಿಪೇರಿ ಒಂದೇ: ಇನ್ನಷ್ಟು ಬಿಗಿ. ಜಡೆ ಸಡಿಲವಾಯಿತೇ, ಬಿಗಿ. ಜುಟ್ಟು ಜೋತುಬಿತ್ತೇ, ಬ್ಯಾಂಡಿಗೆ ಇನ್ನೊಂದು ಸುತ್ತು. ಬೈತಲೆಯ ಪಕ್ಕ ಕೂದಲು ಎದ್ದಿತೇ, ನೀರು ಸವರಿ ಎಳೆದು ಕಟ್ಟು. ಒಂದೆರಡು ಗಂಟೆಯ ಮಟ್ಟಿಗೆ ಇದರಿಂದ ಕೆಲಸ ನಡೆದುಬಿಡುತ್ತದೆ, ಅದಕ್ಕೇ ಅಭ್ಯಾಸವಾಗಿಬಿಡುತ್ತದೆ. ಆದರೆ ತಲೆ ಬಾಚುವುದು ಒಂದರ ಮೇಲೊಂದು ನಿಂತ ಕೆಲಸ. ಸಿಕ್ಕು ಬಿಡಿಸಬೇಕು, ಬೈತಲೆ ತೆಗೆಯಬೇಕು, ಭಾಗ ಮಾಡಬೇಕು, ಹೆಣೆಯಬೇಕು, ಕಟ್ಟಬೇಕು. ತೊಂದರೆ ಕಣ್ಣಿಗೆ ಬೀಳುವುದು ಒಂದು ಹಂತದಲ್ಲಾದರೆ ಅದು ಹುಟ್ಟಿರುವುದು ಬಹುತೇಕ ಅದರ ಹಿಂದಿನ ಹಂತದಲ್ಲಿ. ಕೊನೆಯಲ್ಲಿ ಬಿಗಿ ಮಾಡಿದರೆ ಹಿಂದಿನ ತಪ್ಪು ಮುಚ್ಚಿಹೋಗುತ್ತದೆ ಅಷ್ಟೇ. ಏಟು ಬೀಳುವುದು ಕೂದಲಿನ ಬುಡಕ್ಕೆ.

ಹಾಗಾಗಿ ಇಲ್ಲಿನ ಪರೀಕ್ಷೆಗಳೆಲ್ಲ ಒಂದು ಹಂತ ಹಿಂದಕ್ಕೆ ಕರೆದೊಯ್ಯುವಂಥವು. ಜೊತೆಗೆ ಒಂದು ಶಿಸ್ತು ಬೇಕು: ಒಂದು ದಿನಕ್ಕೆ ಒಂದೇ ಬದಲಾವಣೆ. ಬ್ಯಾಂಡು, ಎಣ್ಣೆ, ಬಾಚಣಿಗೆ, ಹೆಣೆಯುವ ರೀತಿ ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಜಡೆ ನಿಂತರೂ ಯಾವುದರಿಂದ ನಿಂತಿತು ಎಂದು ಗೊತ್ತಾಗುವುದಿಲ್ಲ.

ಮಗು ಅಳುತ್ತದೆ

ಯಾಕೆ ಅಳುತ್ತಾಳೆ ಎಂದು ಅವಳನ್ನು ಕೇಳಿ ಪ್ರಯೋಜನವಿಲ್ಲ. ಯಾವಾಗ ಅಳುತ್ತಾಳೆ ಎಂದು ನಾವು ಗಮನಿಸಬೇಕು. ಬಾಚುವಾಗ, ಕಟ್ಟುವಾಗ, ಕಟ್ಟಿ ಕೆಲವು ಗಂಟೆಯಾದ ಮೇಲೆ, ಸಂಜೆ ಬಿಚ್ಚುವಾಗ: ದೋಷ ಯಾವುದೆಂದು ಆ ಹೊತ್ತೇ ಹೇಳುತ್ತದೆ.

ಬಾಚಣಿಗೆ ಕಂಡ ಕೂಡಲೇ ಅಳು ಶುರುವಾಗುವ ಮಕ್ಕಳಿಗೆ ಮೊದಲೊಂದು ಸರಳ ಪರೀಕ್ಷೆ ಮಾಡಿ. ಬಾಚಣಿಗೆಯನ್ನು ತಿರುಗಿಸಿ ಹಿಡಿದು, ಹಲ್ಲಿಲ್ಲದ ಬೆನ್ನಿನ ಕಡೆಯಿಂದ ತಲೆಯ ಮೇಲೆ ಮೆಲ್ಲಗೆ ಸವರಿ. ಆಗಲೂ "ಅಮ್ಮಾ, ನೋಯ್ತಿದೆ" ಎಂದರೆ ಅದು ನಿನ್ನೆಯ ನೋವು. ಸುಳ್ಳು ಹೇಳುತ್ತಿದ್ದಾಳೆ ಎಂದು ಗದರಬೇಡಿ. ಬರಲಿರುವ ಎಳೆತಕ್ಕೆ ಮೈ ಮುಂಚೆಯೇ ಬಿಗಿದುಕೊಂಡಿದೆ. ಇಂಥ ಮಗುವಿಗೆ ಒಳ್ಳೆಯ ಬಾಚಣಿಗೆ ತಂದರೂ ಮೊದಲ ಕೆಲವು ದಿನ ವ್ಯತ್ಯಾಸ ಕಾಣುವುದಿಲ್ಲ. ಕಾಲು ನೇತಾಡದಂತೆ, ಪಾದ ಊರಲು ಏನಾದರೂ ಇರುವ ಕಡೆ ಕೂರಿಸಿ. ಕೈಗೊಂದು ಕನ್ನಡಿ ಕೊಡಿ, ಹಿಂದೆ ಏನಾಗುತ್ತಿದೆ ಎಂದು ಅವಳಿಗೂ ಕಾಣಲಿ. "ಈಗ ಕಿವಿ ಹಿಂದೆ ಬಾಚ್ತೀನಿ" ಎಂದು ಹೇಳಿಯೇ ಮುಟ್ಟಿ. ಕೆಲವು ದಿನ ಜಡೆಯ ಹಟ ಬಿಟ್ಟು ಬರೀ ಬಾಚಿ ಕಳಿಸಿದರೂ ನಷ್ಟವಿಲ್ಲ.

ಬೆನ್ನಿನಿಂದ ಸವರಿದಾಗ ಸುಮ್ಮನಿದ್ದು, ಹಲ್ಲು ತಾಗಿದಾಗ ಅತ್ತರೆ ನಿಜವಾದ ಸಿಕ್ಕಿದೆ. ಕೂದಲಿಗೆ ನರ ಇಲ್ಲ. ನರಗಳಿರುವುದು ಅದರ ಬುಡದ ಸುತ್ತ. ಅಂದರೆ ಎಳೆತ ಬುಡಕ್ಕೆ ಮುಟ್ಟದಂತೆ ನೋಡಿಕೊಂಡರೆ ಎಂಥ ಸಿಕ್ಕನ್ನೂ ನೋವಿಲ್ಲದೆ ಬಿಡಿಸಬಹುದು. ಎರಡು ಬೆರಳು ದಪ್ಪದ ಕೂದಲನ್ನು ಮಾತ್ರ ತೆಗೆದುಕೊಳ್ಳಿ. ಸಿಕ್ಕಿಗಿಂತ ಮೇಲೆ, ತಲೆಯ ಕಡೆಗೆ, ಎಡ ಮುಷ್ಟಿಯಲ್ಲಿ ಹಿಡಿದು ಮುಷ್ಟಿಯಿಂದ ಬುಡದವರೆಗಿನ ಕೂದಲು ಸ್ವಲ್ಪ ಸಡಿಲವಾಗಿ ಜೋತಿರುವಂತೆ ಬಿಡಿ. ಈಗ ತುದಿಯಿಂದ ಶುರು ಮಾಡಿ, ತುದಿ ಬಿಟ್ಟ ಮೇಲೆ ನಾಲ್ಕು ಬೆರಳು ಮೇಲಿಂದ, ಅದೂ ಬಿಟ್ಟ ಮೇಲೆ ಇನ್ನೂ ಮೇಲಿಂದ. ಮೇಲಿನಿಂದ ಒಂದೇ ಸಲ ಎಳೆದರೆ ದಾರಿಯಲ್ಲಿರುವ ಸಣ್ಣ ಸಿಕ್ಕುಗಳೆಲ್ಲ ಕೆಳಗೆ ಸೇರಿ ಒಂದು ದೊಡ್ಡ ಗಂಟಾಗುತ್ತದೆ. ಬಲ ಪೂರ್ತಿ ನಿಮ್ಮ ಮುಷ್ಟಿಗೆ ಬೀಳುತ್ತಿದೆಯೋ ಇಲ್ಲವೋ ಎನ್ನುವುದು ನಿಮ್ಮ ಕೈಗೇ ಗೊತ್ತಾಗುತ್ತದೆ. ಮುಷ್ಟಿ ಹಿಡಿದಾಗ ಅಳು ನಿಂತರೆ ದೋಷ ಪತ್ತೆಯಾಯಿತು.

ಸಿಕ್ಕು ದಿನವೂ ಎಲ್ಲಿ ಆಗುತ್ತದೆ ಎನ್ನುವುದೇ ಅದರ ಕಾರಣವನ್ನೂ ಹೇಳುತ್ತದೆ. ಕತ್ತಿನ ಹಿಂದೆ, ಒಂದೇ ಜಾಗದಲ್ಲಿ ಆಗುತ್ತಿದ್ದರೆ ಉಜ್ಜಾಟ ಕಾರಣ: ಕಾಲರು, ಜಾಕೆಟ್ಟಿನ ಟೋಪಿ, ದಿಂಬು. ಕೂದಲಿನ ಹೊರಪದರದಲ್ಲಿ ಹೆಂಚು ಹೊದಿಸಿದ ಮಾಡಿನ ಹಾಗೆ ಒಂದರ ಮೇಲೊಂದು ಪೊರೆಗಳಿವೆ, ಎಲ್ಲವೂ ತುದಿಯ ಕಡೆ ಮುಖ ಮಾಡಿಕೊಂಡು. ಹಿಂದುಮುಂದಾಗಿ ಉಜ್ಜಿದಾಗ ಇವು ಎದ್ದು ಪಕ್ಕದ ಕೂದಲಿಗೆ ಕೊಕ್ಕೆ ಹಾಕಿಕೊಳ್ಳುತ್ತವೆ. ಶಾಂಪೂ ಬದಲಿಸಿ ಇದನ್ನು ಸರಿಮಾಡಲಾಗದು. ರಾತ್ರಿ ಸಡಿಲವಾಗಿ ಒಂದು ಜಡೆ ಹಾಕಿ ಮಲಗಿಸಿ, ಅಥವಾ ದಿಂಬಿಗೆ ನುಣುಪಾದ ಸ್ಯಾಟಿನ್ ಕವರ್ ಹಾಕಿ, ಬೆಳಗಿನ ಸಿಕ್ಕು ಕಡಿಮೆಯಾಗುತ್ತದೋ ನೋಡಿ.

ತುದಿಯಲ್ಲಿ ಮಾತ್ರ ಸಿಕ್ಕಾಗುತ್ತಿದ್ದರೆ ಕೂದಲಿಗೆ ವಯಸ್ಸಾಗಿದೆ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. 30 ಸೆಂಟಿಮೀಟರ್ ಉದ್ದದ ಕೂದಲಿನ ತುದಿ ಎರಡೂವರೆ ವರ್ಷದ್ದು. ಅಷ್ಟು ಕಾಲದ ಬಿಸಿಲು, ಬಾಚಣಿಗೆ, ಬ್ಯಾಂಡು ಎಲ್ಲ ಅದರ ಮೇಲಾಗಿದೆ. ಕವಲೊಡೆದ ತುದಿಯನ್ನು ಯಾವ ಎಣ್ಣೆಯೂ ಮತ್ತೆ ಕೂಡಿಸುವುದಿಲ್ಲ. ಎರಡು ಬೆರಳಗಲ ಕತ್ತರಿಸಿಬಿಡಿ, ಜಗಳ ಮುಗಿಯಿತು.

ತಲೆಗೆ ಸ್ನಾನ ಮಾಡಿಸಿದ ದಿನ ಮಾತ್ರ ಸಿಕ್ಕಾದರೆ ತೊಳೆಯುವ ರೀತಿ ನೋಡಿಕೊಳ್ಳಿ. ಕೂದಲನ್ನೆಲ್ಲ ನೆತ್ತಿಯ ಮೇಲೆ ಗುಡ್ಡೆ ಹಾಕಿ ತಿಕ್ಕುವುದು, ಆಮೇಲೆ ಟವೆಲಿನಲ್ಲಿ ಗರಗರ ಒರೆಸುವುದು, ಎರಡೂ ಸಿಕ್ಕು ಮಾಡುವ ಯಂತ್ರಗಳೇ. ಶಾಂಪೂ ಬುಡಕ್ಕೆ ಸಾಕು, ನೊರೆ ಹರಿದು ಹೋಗುವಾಗ ಉದ್ದಕ್ಕೆ ಬೇಕಾದಷ್ಟು ತಾಗುತ್ತದೆ. ಕಂಡಿಷನರ್ ಮಾತ್ರ ಉದ್ದಕ್ಕೆ ಮತ್ತು ತುದಿಗೆ. ಟವೆಲಿನಲ್ಲಿ ಒತ್ತಿ ನೀರು ಹೀರಿಸಿ.

ಒದ್ದೆ ಕೂದಲು ಬಾಚಬೇಕೋ ಬೇಡವೋ ಎನ್ನುವ ವಾದ ಮನೆಮನೆಯಲ್ಲೂ ನಡೆಯುತ್ತದೆ. ಎರಡೂ ಕಡೆಯವರು ಅವರವರ ಕೂದಲಿನ ಮಟ್ಟಿಗೆ ಸರಿ. ಕೂದಲಿನ ಒಳಗೆ ಕೆರಾಟಿನ್ ಎಂಬ ಪ್ರೋಟೀನನ್ನು ಹಿಡಿದಿಟ್ಟಿರುವ ಹೈಡ್ರೋಜನ್ ಬಂಧಗಳನ್ನು ನೀರು ಸಡಿಲಿಸುತ್ತದೆ. ಹಾಗಾಗಿ ಒದ್ದೆ ಕೂದಲು ಹೆಚ್ಚು ಹಿಗ್ಗುತ್ತದೆ, ಜೋರು ಮಾಡಿದರೆ ಬೇಗ ತುಂಡಾಗುತ್ತದೆ. ನೇರ ಕೂದಲಿದ್ದರೆ ಮುಕ್ಕಾಲು ಪಾಲು ಒಣಗಿದ ಮೇಲೆ ಬಾಚಿ. ಗುಂಗುರು ಕೂದಲನ್ನು ಒಣಗಿದಾಗ ಬಾಚಿದರೆ ಸುರುಳಿಗಳು ಒಂದಕ್ಕೊಂದು ಸಿಕ್ಕಿಕೊಂಡು ಇನ್ನೂ ಹೆಚ್ಚು ತುಂಡಾಗುತ್ತವೆ. ಅದನ್ನು ಒದ್ದೆ ಇರುವಾಗಲೇ, ಕಂಡಿಷನರ್ ಹಚ್ಚಿಕೊಂಡು, ಅಗಲ ಹಲ್ಲಿನ ಬಾಚಣಿಗೆಯಲ್ಲಿ ಅಥವಾ ಬರೀ ಬೆರಳಲ್ಲಿ ಬಿಡಿಸಬೇಕು.

ಕಟ್ಟುವಾಗಿನ ಅಳು ಬೇರೆ. "ಎಲ್ಲಿ ನೋಯ್ತಿದೆ, ತೋರಿಸು ಪುಟ್ಟಿ" ಎಂದು ಕೇಳಿ. ಒಂದೇ ಬೆರಳಲ್ಲಿ ಒಂದೇ ಜಾಗ ತೋರಿಸಿದರೆ ಅಲ್ಲಿ ನಾಲ್ಕೈದು ಕೂದಲು ಮಾತ್ರ ಸಿಕ್ಕಿ ಎಳೆಯುತ್ತಿವೆ. ಪೂರ್ತಿ ಬಿಚ್ಚಬೇಕಿಲ್ಲ. ಬಾಲವಿರುವ ಬಾಚಣಿಗೆಯ ತುದಿಯನ್ನು ಆ ಜಾಗದಲ್ಲಿ ಕೂದಲಡಿ ತೂರಿಸಿ ಕೂದಲೆಳೆಯಷ್ಟು ಮೇಲೆತ್ತಿದರೆ ಸಾಕು, ಮುಖ ಅರಳುತ್ತದೆ. ಅಂಗೈ ಇಟ್ಟು ಇಡೀ ಪಕ್ಕ ತೋರಿಸಿದರೆ ಜಡೆಯೇ ಬಿಗಿ. ಅನುಮಾನವಿದ್ದರೆ ಹುಬ್ಬು ಮೇಲೆತ್ತಲು ಹೇಳಿ, ಕತ್ತು ಎರಡೂ ಕಡೆ ತಿರುಗಿಸಲು ಹೇಳಿ. ಹುಬ್ಬೆತ್ತಲು ಕಷ್ಟಪಟ್ಟರೆ, ಕಣ್ಣಿನ ಹೊರತುದಿ ಮೇಲಕ್ಕೆ ಎಳೆದಂತೆ ಕಂಡರೆ, ಬೈತಲೆಯ ಪಕ್ಕದ ಚರ್ಮ ಸಣ್ಣ ಸಣ್ಣ ಗುಳ್ಳೆಯಂತೆ ಎದ್ದಿದ್ದರೆ ಬಿಚ್ಚಿ ಮತ್ತೆ ಹಾಕಿ. ಇಲ್ಲಿ ರಾಜಿ ಬೇಡ.

ಕೆಲವು ಗಂಟೆಯ ನಂತರದ ತಲೆನೋವನ್ನು ಮಗುವಿನ ನೆಪ ಎಂದು ತಳ್ಳಿಹಾಕುವಂತಿಲ್ಲ. ಅಂತರರಾಷ್ಟ್ರೀಯ ತಲೆನೋವು ವರ್ಗೀಕರಣದ 2018ರ ಮೂರನೇ ಆವೃತ್ತಿಯಲ್ಲಿ ಹೊರಗಿನ ಎಳೆತದಿಂದ ಬರುವ ತಲೆನೋವಿಗೆ ಅದರದೇ ಸ್ಥಾನವಿದೆ. ಬಿಗಿ ಜುಟ್ಟಿನ ತಲೆನೋವು ಅದೇ. ಅದರ ಲಕ್ಷಣವೇ ಇಲ್ಲಿ ಪರೀಕ್ಷೆಯೂ ಹೌದು: ಎಳೆತ ಬಿಟ್ಟ ಒಂದು ಗಂಟೆಯೊಳಗೆ ನೋವು ಹೋಗಬೇಕು. ಬಿಚ್ಚಿ ಹಾಕಿದ ಮೇಲೂ ಉಳಿದರೆ ಕಾರಣ ಬೇರೆಲ್ಲೋ ಇದೆ. ಸಂಜೆ ಬಿಚ್ಚುವಾಗ ಬುಡ ನೋಯುತ್ತದೆ ಎನ್ನುವ ಮಗುವಿಗೂ ಇದೇ ಉತ್ತರ. ಮರುದಿನ ಜುಟ್ಟಿನ ಜಾಗ ಬದಲಿಸಿ, ಅದೇ ಕೂದಲಿಗೆ ಅದೇ ದಿಕ್ಕಿನ ಎಳೆತ ದಿನವೂ ಬೇಡ.

ಜಡೆ ನಿಲ್ಲುವುದಿಲ್ಲ

ಸಂಜೆ ಜಡೆ ಬಿಚ್ಚುವ ಮುಂಚೆ ಹಿಂದಿನಿಂದ ಒಂದು ಫೋಟೋ ತೆಗೆದುಕೊಳ್ಳಿ. ಕೆದರಿದ ಜಡೆ ಎಲ್ಲ ಒಂದೇ ತರ ಕಾಣುತ್ತದೆ ಅನಿಸಿದರೂ ಸಡಿಲವಾಗುವ ಜಾಗ ಮೂರೇ: ಬುಡ, ನಡು, ತುದಿ. ಯಾವುದು ಮೊದಲು ಬಿಟ್ಟಿತು ಎಂದು ತಿಳಿದರೆ ಅರ್ಧ ಕೆಲಸ ಆದಂತೆ.

ಬುಡದಲ್ಲಿ, ಕತ್ತಿನ ಹಿಂದೆ ಕೂದಲು ಚೀಲದಂತೆ ಜೋತುಬಿದ್ದಿದ್ದರೆ ನಿಮ್ಮ ಹೆಣಿಗೆಯಲ್ಲಿ ಏನೂ ತಪ್ಪಿಲ್ಲ. ಹೆಣೆಯುವಾಗ ಮಗು ತಲೆ ಬಗ್ಗಿಸಿತ್ತು. ಮೊಬೈಲೋ ಪುಸ್ತಕವೋ ತೊಡೆಯ ಮೇಲಿದ್ದರೆ ತಲೆ ಬಗ್ಗದೆ ಏನು ಮಾಡೀತು. ತಲೆ ಬಗ್ಗಿದಾಗ ಕತ್ತಿನ ಹಿಂದಿನ ಚರ್ಮ ಹಿಗ್ಗಿರುತ್ತದೆ, ಹಿಗ್ಗಿದ ಚರ್ಮಕ್ಕೆ ಸರಿಯಾಗಿ ನೀವು ಬಿಗಿ ಮಾಡಿರುತ್ತೀರಿ. ತಲೆ ಎತ್ತಿದ ಕೂಡಲೇ ಚರ್ಮ ಕುಗ್ಗಿ ಅಷ್ಟೂ ಕೂದಲು ಸಡಿಲ. ಪರೀಕ್ಷೆ ಸುಲಭ: ಕಟ್ಟಿ ಮುಗಿದ ತಕ್ಷಣ ನೇರ ನೋಡಲು ಹೇಳಿ. ಆಗಲೇ ಚೀಲ ಕಂಡರೆ ಕಾರಣ ಇದೇ. ನೋಡುವ ವಸ್ತುವನ್ನು ಕಣ್ಣಿನ ಮಟ್ಟಕ್ಕೆ ಎತ್ತಿಡಿ. ಎತ್ತರದ ಜುಟ್ಟಾದರೆ ಗಲ್ಲವನ್ನು ತುಸು ಮೇಲೆತ್ತಿಸಿ, ಕೂದಲು ಕೂಡಿಸಿ, ಬ್ಯಾಂಡ್ ಹಾಕಿ. ತಲೆ ನೇರವಾದಾಗ ಹಿಂಭಾಗ ತಾನೇ ಸರಿಯಾಗಿ ಕೂರುತ್ತದೆ, ಎಳೆಯಬೇಕಾದ ಪ್ರಮೇಯವೇ ಬರುವುದಿಲ್ಲ.

ಬುಡ ಸಡಿಲವಾಗಲು ಇನ್ನೊಂದು ಕಾರಣ ನಿಮ್ಮ ಕೈಯ ಎತ್ತರ. ನಿಂತು ಹೆಣೆಯುವವರು ಕೂದಲನ್ನು ತಲೆಯಿಂದ ದೂರ, ತಮ್ಮ ಎದೆಯ ಕಡೆಗೆ ಎಳೆದು ಹಿಡಿದು ಹೆಣೆಯುತ್ತಾರೆ. ಜಡೆ ಕೈಬಿಟ್ಟು ಬೆನ್ನಿನ ಮೇಲೆ ಬಿದ್ದಾಗ ಬುಡದಲ್ಲಿ ಅಷ್ಟು ಉದ್ದದ ಕೂದಲು ಹೆಚ್ಚಾಗಿ ಉಳಿಯುತ್ತದೆ. ಜಡೆ ಎಲ್ಲಿ, ಯಾವ ದಿಕ್ಕಿನಲ್ಲಿ ಇಳಿದಿರಬೇಕೋ ಅದೇ ದಿಕ್ಕಿನಲ್ಲಿ ಹಿಡಿದು ಹೆಣೆಯಬೇಕು. ಮೊದಲ ಮೂರು ಹೆಣಿಗೆಗಳಲ್ಲಿ ನಿಮ್ಮ ಬೆರಳ ಗೆಣ್ಣು ಮಗುವಿನ ಕತ್ತಿಗೆ ತಾಗುತ್ತಿರಲಿ. ಅದಕ್ಕೆ ನೀವು ಕೂರಬೇಕು, ಅಥವಾ ಮಗುವನ್ನು ಎತ್ತರದಲ್ಲಿ ಕೂರಿಸಬೇಕು. ಫ್ರೆಂಚ್ ಜಡೆಯಲ್ಲಿ ನೆತ್ತಿಯ ಮೇಲೆ ಉಬ್ಬುಗಳು ಬರುವುದಕ್ಕೂ ಇದೇ ಕಾರಣ, ಅಲ್ಲಿ ಪ್ರತಿ ಸಲ ಹೊಸ ಕೂದಲು ಸೇರಿಸುವಾಗಲೂ ಕೈ ತಲೆಗೆ ಅಂಟಿಕೊಂಡೇ ಇರಬೇಕು.

ನಡುವಿನಲ್ಲಿ ಬಿಟ್ಟಿದ್ದರೆ ಎರಡು ಸಾಧ್ಯತೆ. ಕೂದಲು ಸಣ್ಣ ಸಣ್ಣ ಮುಳ್ಳಿನಂತೆ ಹೊರಗೆ ಚುಚ್ಚಿಕೊಂಡಿದ್ದರೆ ಲೇಯರ್ ಕಟ್ ಮಾಡಿಸಿದ ಕೂದಲು. ಗಿಡ್ಡ ಎಳೆಗಳು ಜಡೆಯ ಮಧ್ಯದಲ್ಲೇ ಮುಗಿದುಹೋಗುತ್ತವೆ. ಇದಕ್ಕೆ ಬಿಗಿ ಮಾಡಿ ಪ್ರಯೋಜನವಿಲ್ಲ. ಒಂದು ಜಡೆಯ ಬದಲು ಎರಡು ಹಾಕಿ, ಅಥವಾ ಮೂರು ಎಳೆಯ ಜಡೆ ಬಿಟ್ಟು ಎರಡು ಎಳೆಯ ಹುರಿ ಜಡೆ ಹಾಕಿ: ಎರಡೂ ಎಳೆಯನ್ನು ಬಲಕ್ಕೆ ತಿರುಚಿ, ಒಂದರ ಮೇಲೊಂದನ್ನು ಎಡಕ್ಕೆ ಸುತ್ತಿ. ತಿರುಚುವ ದಿಕ್ಕು ಮತ್ತು ಸುತ್ತುವ ದಿಕ್ಕು ಒಂದೇ ಆದರೆ ಕೈಬಿಟ್ಟ ಕ್ಷಣ ಬಿಚ್ಚಿಕೊಳ್ಳುತ್ತದೆ. ಹುರಿ ಜಡೆ ನಿಲ್ಲುವುದಿಲ್ಲ ಎನ್ನುವವರಲ್ಲಿ ಹೆಚ್ಚಿನವರ ತೊಂದರೆ ಇದೊಂದೇ.

ಚುಚ್ಚಿಕೊಂಡಿರದೆ ಒಂದು ಪಕ್ಕ ಮಾತ್ರ ಉಬ್ಬಿದ್ದರೆ ಮೂರು ಎಳೆ ಸಮ ಇರಲಿಲ್ಲ, ಅಥವಾ ಒಂದು ಕೈಯಿಂದ ಇನ್ನೊಂದು ಕೈಗೆ ಎಳೆ ದಾಟುವಾಗ ಹಿಡಿತ ತಪ್ಪುತ್ತಿದೆ. ಜಡೆಯನ್ನು ಕೆಳಕ್ಕೆ ಎಳೆದರೆ ಬಿಗಿ ಬರುವುದಿಲ್ಲ, ಬುಡ ನೋಯುತ್ತದೆ ಅಷ್ಟೇ. ಪ್ರತಿ ಸಲ ಎಳೆ ದಾಟಿಸಿದ ಮೇಲೆ ಎರಡೂ ಹೊರ ಎಳೆಗಳನ್ನು ಪಕ್ಕಕ್ಕೆ, ಎಡದ್ದನ್ನು ಎಡಕ್ಕೆ ಬಲದ್ದನ್ನು ಬಲಕ್ಕೆ, ಮೆಲ್ಲಗೆ ಅಗಲಿಸಿ. ಗಂಟು ಮೇಲಕ್ಕೆ ಹೋಗಿ ಕೂರುತ್ತದೆ. ಈ ಅಗಲಿಸುವ ಚಲನೆ ಕೈಗೆ ಹತ್ತಿದ ಮೇಲೆ ಜಡೆ ಬಿಗಿಯಾಗಿಯೂ ಇರುತ್ತದೆ, ಬುಡಕ್ಕೆ ಎಳೆತವೂ ಬೀಳುವುದಿಲ್ಲ.

ತುದಿ ಬಿಟ್ಟು ಬ್ಯಾಂಡ್ ಎಲ್ಲೋ ಬಿದ್ದುಹೋಗುವುದು ಎಲ್ಲಕ್ಕಿಂತ ಹೆಚ್ಚು ಕಾಣುವ ದೋಷ. ಪುಟ್ಟ ಮಕ್ಕಳ ಕೂದಲು ತೆಳು, ನುಣುಪು, ತುದಿಯ ಕಡೆ ಇನ್ನೂ ತೆಳು. ಜಡೆ ಉದ್ದ ಕಾಣಲಿ ಎಂದು ಕೊನೆಯ ಕೂದಲಿನವರೆಗೂ ಹೆಣೆದು ಆ ಮೊನಚಾದ ತುದಿಗೆ ಬ್ಯಾಂಡ್ ಹಾಕಿದರೆ ಅದು ಜಾರಲೇಬೇಕು. ಜಡೆಯ ದಪ್ಪ ಅರ್ಧಕ್ಕಿಳಿಯುವ ಜಾಗದಲ್ಲೇ ನಿಲ್ಲಿಸಿ. ಕೆಳಗೆ ನಾಲ್ಕೈದು ಸೆಂಟಿಮೀಟರ್ ಕುಚ್ಚು ಬಿಟ್ಟು ಅಲ್ಲಿ ಕಟ್ಟಿ. ದಪ್ಪ ಬಟ್ಟೆಯ ಬ್ಯಾಂಡ್ ಎರಡು ಸುತ್ತು ಹಾಕುವುದಕ್ಕಿಂತ ಸಣ್ಣ ಬ್ಯಾಂಡ್ ನಾಲ್ಕು ಸುತ್ತು ತೆಳು ಕೂದಲಿಗೆ ಚೆನ್ನಾಗಿ ಹಿಡಿಯುತ್ತದೆ.

ಹಾಗೆ ಮಾಡಿಯೂ ಜಾರಿದರೆ ಕೂದಲ ಮೇಲೆ ಏನಿದೆ ನೋಡಿ. ಎಣ್ಣೆ, ಸೀರಮ್, ಕಂಡಿಷನರ್ ಎಲ್ಲ ಜಾರಿಸುವಂಥವೇ. ಸಿಕ್ಕಿಗೆ ಒಳ್ಳೆಯದಾದದ್ದು ಜಡೆಗೆ ಕೆಟ್ಟದ್ದು, ಏನು ಮಾಡುವುದು. ಸ್ನಾನ ಮಾಡಿಸಿದ ದಿನಕ್ಕಿಂತ ಮಾರನೆಯ ದಿನ ಜಡೆ ಚೆನ್ನಾಗಿ ನಿಲ್ಲುವುದೂ ಇದೇ ಕಾರಣಕ್ಕೆ. ಒದ್ದೆ ಕೂದಲಿಗೆ ಜಡೆ ಹಾಕುವ ಉಪಾಯ ಹೆಚ್ಚು ಹೊತ್ತು ನಡೆಯುವುದಿಲ್ಲ: ನೀರು ಹೀರಿದ ಕೂದಲು ಉಬ್ಬಿರುತ್ತದೆ, ಒಣಗಿದಾಗ ತೆಳ್ಳಗಾಗಿ ಬ್ಯಾಂಡಿನೊಳಗೆ ಜಾಗ ಬಿಡುತ್ತದೆ. ಹಿಡಿತ ಬೇಕಿದ್ದರೆ ಬೆರಳ ತುದಿಯನ್ನಷ್ಟೇ ಒದ್ದೆ ಮಾಡಿಕೊಂಡು ಹೆಣೆಯಿರಿ.

ಜುಟ್ಟು ಕೆಳಗಿಳಿಯುವುದು ಬೇರೆ ಸಂಗತಿ. ಅಲ್ಲಿ ಕೂದಲಿನ ಭಾರವೆಲ್ಲ ಒಂದೇ ಬ್ಯಾಂಡಿನ ಮೇಲೆ. ಜುಟ್ಟನ್ನು ಎರಡು ಪಾಲು ಮಾಡಿ ಎರಡೂ ಕೈಯಲ್ಲಿ ಜಗ್ಗಿ ಬ್ಯಾಂಡನ್ನು ಮೇಲಕ್ಕೆ ತಳ್ಳುವ ಅಭ್ಯಾಸ ಬಹಳ ಜನಕ್ಕಿದೆ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಬಿಟ್ಟುಬಿಡಬೇಕಾದ ಚಟ ಇದು. ಬುಡಕ್ಕೆ ಅಷ್ಟು ಎಳೆತ ಇನ್ಯಾವುದರಿಂದಲೂ ಬೀಳುವುದಿಲ್ಲ. ಬದಲಿಗೆ ಕಿವಿಯಿಂದ ಮೇಲಿನ ಕೂದಲನ್ನಷ್ಟೇ ಮೊದಲು ಒಂದು ಸಣ್ಣ ಜುಟ್ಟು ಮಾಡಿ, ಕೆಳಗಿನ ಕೂದಲನ್ನು ಆಮೇಲೆ ಅದಕ್ಕೆ ಸೇರಿಸಿ ಎರಡನೆಯ ಬ್ಯಾಂಡ್ ಹಾಕಿ. ಭಾರ ಎರಡು ಕಡೆ ಹಂಚಿಹೋಗುತ್ತದೆ, ಯಾವುದನ್ನೂ ಬಿಗಿ ಮಾಡಬೇಕಾಗಿಲ್ಲ.

ಸೈಕಲ್ ಹೆಲ್ಮೆಟ್ ಹಾಕುವ ದಿನ ಎತ್ತರದ ಜುಟ್ಟಾಗಲಿ ತುರುಬಾಗಲಿ ಬೇಡ. ಹೆಲ್ಮೆಟ್ ಸರಿಯಾಗಿ ಕೂರುವುದಿಲ್ಲ. ಕಾರಿನ ಮಕ್ಕಳ ಸೀಟಿನಲ್ಲೂ ಹಿಂದಿನ ದಪ್ಪ ತುರುಬು ತಲೆಯನ್ನು ಮುಂದಕ್ಕೆ ತಳ್ಳುತ್ತದೆ. ಕತ್ತಿನ ಹತ್ತಿರದ ಒಂದು ಜಡೆ ಎರಡಕ್ಕೂ ಸರಿ.

ಬೈತಲೆ ಸೊಟ್ಟ, ಎರಡು ಜಡೆ ಎರಡು ತರ

ಎರಡೂ ಸಾಮಾನ್ಯವಾಗಿ ಒಂದೇ ದೋಷ. ಒಂದು ಜಡೆ ದಪ್ಪ ಒಂದು ತೆಳು ಆದರೆ ಬೈತಲೆಯನ್ನು ಮುಂದೆ ನೋಡಬೇಡಿ, ಹಿಂದೆ ನೋಡಿ. ಮುಂದೆ ಕನ್ನಡಿ ನೋಡಿ ನೇರ ಮಾಡಿರುತ್ತೇವೆ, ನೆತ್ತಿಯಿಂದ ಕತ್ತಿನವರೆಗೆ ಅಂದಾಜು. ಹಣೆಯಿಂದ ನೆತ್ತಿಗೆ ಒಂದು ಗೆರೆ, ನೆತ್ತಿಯಿಂದ ಕತ್ತಿನ ನಡುವಿನ ಗುಳಿಗೆ ಇನ್ನೊಂದು ಗೆರೆ, ಎರಡೇ ಚಲನೆಯಲ್ಲಿ ತೆಗೆಯಿರಿ. ಬಾಚಣಿಗೆಯ ಬಾಲ ಚರ್ಮಕ್ಕೆ ತಾಗಿಯೇ ಹೋಗಬೇಕು.

ನೆತ್ತಿಯ ಹತ್ತಿರ ಎಷ್ಟು ಸಲ ತೆಗೆದರೂ ಬೈತಲೆ ಒಂದೇ ಕಡೆ ವಾಲಿದರೆ ಅದು ಸುಳಿ. ಕೂದಲು ಹುಟ್ಟುವಾಗಲೇ ಆ ದಿಕ್ಕಿಗೆ ಹುಟ್ಟುತ್ತದೆ. ಹೆಚ್ಚಿನವರಲ್ಲಿ ಗಡಿಯಾರದ ಮುಳ್ಳಿನ ದಿಕ್ಕಿಗೆ. ಒದ್ದೆ ಕೂದಲನ್ನು ಪೂರ್ತಿ ಹಿಂದಕ್ಕೆ ಬಾಚಿ, ಅಂಗೈಯನ್ನು ನೆತ್ತಿಯ ಮೇಲಿಟ್ಟು ಮೆಲ್ಲಗೆ ಮುಂದಕ್ಕೆ ತಳ್ಳಿ: ಕೂದಲು ತಾನಾಗಿ ಎಲ್ಲಿ ಬಿರಿಯುತ್ತದೋ ಅದೇ ಆ ತಲೆಯ ಸ್ವಂತ ಬೈತಲೆ. ಅದಕ್ಕೆ ಒಂದೆರಡು ಸೆಂಟಿಮೀಟರ್ ಬಿಟ್ಟುಕೊಡುವುದು ಜಾಣತನ. ಹಣೆಯ ಮೇಲೆ ಸುಳಿ ಇರುವ ಮಗುವಿಗೆ ಮುಂಗೂದಲು ಕತ್ತರಿಸಿದರೆ ಅದು ಎದ್ದು ನಿಂತೇ ನಿಲ್ಲುತ್ತದೆ. ಕತ್ತರಿಸುವ ಮುಂಚೆ ನೋಡಿಕೊಳ್ಳಬೇಕು.

ಬೈತಲೆ ಸರಿ ಇದ್ದೂ ಜಡೆಗಳು ಒಂದು ಮೇಲೆ ಒಂದು ಕೆಳಗೆ ಆದರೆ, ಮೊದಲನೆಯದನ್ನು ಪೂರ್ತಿ ಹೆಣೆದು ಆಮೇಲೆ ಎರಡನೆಯದಕ್ಕೆ ಹೋಗುತ್ತಿದ್ದೀರಿ. ಎರಡಕ್ಕೂ ಮೊದಲು ಬುಡದಲ್ಲಿ ಬ್ಯಾಂಡ್ ಹಾಕಿ, ಎದುರಿಗೆ ಬಂದು ಕಿವಿಯ ತುದಿಗೆ ಅಳತೆ ನೋಡಿ, ಆಮೇಲೆ ಹೆಣೆಯಿರಿ.

ಕ್ಲಿಪ್ಪು, ಪಿನ್ನು ಜಾರುತ್ತವೆ

ಹೇರ್‌ಪಿನ್ನಿನ ಒಂದು ಕಾಲು ನೇರ, ಇನ್ನೊಂದು ಅಲೆಅಲೆ. ಅಲೆಯ ಕಾಲು ತಲೆಯ ಕಡೆಗಿರಬೇಕು. ಅಂದಕ್ಕಿರಲಿ ಎಂದು ಹೊರಗೆ ಮಾಡಿದರೆ ಹಿಡಿತ ಹೋಗುತ್ತದೆ. ಟಿಕ್‌ಟಿಕ್ ಕ್ಲಿಪ್ ತೆಳು ಕೂದಲಲ್ಲಿ ಜಾರಿದರೆ ಆ ಜಾಗದ ಕೂದಲನ್ನು ಒಂದು ಸುತ್ತು ತಿರುಚಿ, ತಿರುಚಿದ್ದರ ಮೇಲೆ ಹಾಕಿ. 3 ವರ್ಷದೊಳಗಿನ ಮಕ್ಕಳಿಗೆ ಮಣಿ, ಹೂವು ಅಂಟಿಸಿದ ಸಣ್ಣ ಕ್ಲಿಪ್ ಹಾಕದಿರುವುದೇ ಮೇಲು. ಕೈಗೆ ಬಂದದ್ದು ಬಾಯಿಗೆ ಹೋಗುವ ವಯಸ್ಸು, ಗಂಟಲಲ್ಲಿ ಸಿಕ್ಕಿದರೆ ಉಸಿರೇ ಕಟ್ಟುತ್ತದೆ. ಮಲಗಿಸುವಾಗ ಎಲ್ಲ ಮಕ್ಕಳದ್ದೂ ತೆಗೆಯಿರಿ.

ಗಿಡ್ಡ ಕೂದಲು ಎದ್ದು ನಿಲ್ಲುತ್ತದೆ, ಬಾಚಣಿಗೆ ತುಂಬ ಕೂದಲು

ಹಣೆಯಂಚಿನಲ್ಲಿ, ಬೈತಲೆಯ ಪಕ್ಕದಲ್ಲಿ ಏಳುವ ಗಿಡ್ಡ ಕೂದಲು ಹೊಸದೂ ಆಗಿರಬಹುದು, ತುಂಡಾದದ್ದೂ ಆಗಿರಬಹುದು. ಅದರ ಹಿಂದೆ ಬಿಳಿ ಕಾಗದ ಹಿಡಿದು ತುದಿ ನೋಡಿ. ಸೂಜಿಯಂತೆ ಸಣ್ಣಗಾಗುತ್ತಾ ಹೋಗಿದ್ದರೆ ಹೊಸ ಕೂದಲು, ಅದಕ್ಕೆ ಮಾಡಬೇಕಾದ್ದು ಏನೂ ಇಲ್ಲ. ತುದಿ ಮೊಂಡಾಗಿದ್ದರೆ ಅಥವಾ ಪೊರಕೆಯಂತೆ ಬಿಚ್ಚಿಕೊಂಡಿದ್ದರೆ ತುಂಡಾಗಿದೆ. ತುಂಡಾದವೆಲ್ಲ ಹೆಚ್ಚುಕಡಿಮೆ ಒಂದೇ ಉದ್ದವಿದ್ದು ಆ ಉದ್ದ ಬ್ಯಾಂಡ್ ಕೂರುವ ಜಾಗಕ್ಕೆ ಸರಿಹೊಂದಿದರೆ ಬ್ಯಾಂಡೇ ಕತ್ತರಿಸುತ್ತಿದೆ. ಕಾಗದಪತ್ರ ಕಟ್ಟುವ ಬರಿ ರಬ್ಬರ್ ಬ್ಯಾಂಡ್ ಮತ್ತು ಲೋಹದ ಬೆಸುಗೆ ಇರುವ ಬ್ಯಾಂಡ್, ಎರಡನ್ನೂ ಮನೆಯಿಂದ ಹೊರಗೆ ಹಾಕಿ.

ಉದುರಿದ ಕೂದಲಿಗೂ ಇಂಥದೇ ಪರೀಕ್ಷೆ. ಒಂದು ತುದಿಯಲ್ಲಿ ಸಣ್ಣ ಬಿಳಿ ಗುಂಡು ಇದ್ದರೆ ಬುಡದಿಂದ ಬಂದಿದೆ, ಇಲ್ಲದಿದ್ದರೆ ನಡುವೆ ತುಂಡಾಗಿದೆ. ಬಿಳಿ ಗುಂಡಿನ ಕೂದಲು ದಿನಕ್ಕಿಷ್ಟು ಉದುರುವುದು ಸಹಜ. ಜೋರು ಜ್ವರ ಬಂದು ಹೋದ ಎರಡು ಮೂರು ತಿಂಗಳಿಗೆ ಹೀಗೆ ಹಿಡಿ ಹಿಡಿ ಉದುರಬಹುದು. ಸಾಮಾನ್ಯವಾಗಿ ತಾನೇ ನಿಂತು ಮತ್ತೆ ಬರುತ್ತದೆ.

ಅಪರೂಪಕ್ಕೆ, ಏನು ಮಾಡಿದರೂ ಬಾಚಣಿಗೆಗೆ ಬಗ್ಗದ, ಒಣಹುಲ್ಲಿನ ಬಣ್ಣದ ಕೂದಲು ಎಲ್ಲ ದಿಕ್ಕಿಗೂ ನಿಂತ ಮಕ್ಕಳಿರುತ್ತಾರೆ. ಆ ಕೂದಲಿನ ಅಡ್ಡಕೊಯ್ತ ದುಂಡಗಿರದೆ ತ್ರಿಕೋನವಾಗಿರುತ್ತದೆ. ಇದರ ಹಿಂದಿನ ಮೂರು ಜೀನ್‌ಗಳು ಪತ್ತೆಯಾದದ್ದು 2016ರಲ್ಲಿ. ಬೆಳೆಯುತ್ತಾ ಹೆಚ್ಚಿನವರಲ್ಲಿ ತಾನೇ ಸುಧಾರಿಸುತ್ತದೆ, ಬಾಚುವವರ ಕೈಗುಣಕ್ಕೂ ಅದಕ್ಕೂ ಸಂಬಂಧವಿಲ್ಲ.

ಹಣೆಯಂಚು ತೆಳುವಾಗಿದೆ, ಬೋಳು ಜಾಗ ಕಂಡಿದೆ

ಇಷ್ಟು ಹೊತ್ತು ಬಿಗಿ ಬೇಡ ಎಂದು ಹೇಳುತ್ತಾ ಬಂದದ್ದು ಇದಕ್ಕಾಗಿ. ತಿಂಗಳುಗಟ್ಟಲೆ ಒಂದೇ ಕಡೆ ಎಳೆತ ಬಿದ್ದರೆ ಹಣೆಯ ಎರಡೂ ಪಕ್ಕ, ಹಣೆಯಂಚು, ಕಿವಿಯ ಮೇಲೆ ಕೂದಲು ತೆಳುವಾಗುತ್ತದೆ. ಅದಕ್ಕೂ ಮುಂಚೆ ಬುಡದ ಸುತ್ತ ಕೆಂಪು, ಸಣ್ಣ ಗುಳ್ಳೆ, ಕೆಲವೊಮ್ಮೆ ಕೀವು ಕಾಣಬಹುದು. ತೆಳುವಾದ ಜಾಗದ ಮುಂದೆ, ಜಡೆಗೆ ಸಿಗದಷ್ಟು ಗಿಡ್ಡವಾದ ಕೂದಲಿನ ಒಂದು ಸಾಲು ಮಾತ್ರ ಉಳಿದಿದ್ದರೆ ಎಳೆತದ ಗುರುತು ಬಹುತೇಕ ಖಚಿತ. ಈ ಹಂತದಲ್ಲಿ ಬಿಗಿ ಜಡೆ, ಬಿಗಿ ಜುಟ್ಟು ಬಿಟ್ಟರೆ ಕೂದಲು ಮತ್ತೆ ಬರುತ್ತದೆ. ವರ್ಷಗಟ್ಟಲೆ ಮುಂದುವರಿದರೆ ಬುಡದಲ್ಲಿ ಕಲೆಯಾಗಿ ಆ ಜಾಗ ಶಾಶ್ವತವಾಗಿ ಬೋಳಾಗಬಹುದು. ಕೃತಕ ಕೂದಲು ಸೇರಿಸಿ ಹೆಣೆಯುವುದು, ಭಾರದ ಮಣಿ ಕಟ್ಟುವುದು ಎಳೆತವನ್ನು ಇನ್ನೂ ಹೆಚ್ಚಿಸುತ್ತದೆ.

ಬೋಳು ಜಾಗ ಅಂಚಿನಲ್ಲಿರದೆ ತಲೆಯ ನಡುವೆ ಎಲ್ಲೋ ಇದ್ದರೆ ಜಡೆಯನ್ನು ದೂರಬೇಡಿ. ಹೊಟ್ಟು, ತುರಿಕೆ, ಬುಡದಲ್ಲೇ ಮುರಿದ ಕೂದಲಿನ ಕಪ್ಪು ಚುಕ್ಕೆಗಳು ಇದ್ದರೆ ಹುಳುಕಡ್ಡಿ, ಅಂದರೆ ಶಿಲೀಂಧ್ರದ ಸೋಂಕು ಇರಬಹುದು. ತಲೆಯ ಹುಳುಕಡ್ಡಿಗೆ ಮುಲಾಮು ಸಾಲದು, ಬುಡದ ಆಳಕ್ಕೆ ಅದು ಇಳಿಯುವುದಿಲ್ಲ. ವಾರಗಟ್ಟಲೆ ಮಾತ್ರೆಯೋ ಸಿರಪ್ಪೋ ಬೇಕು. ಅದು ಒಬ್ಬರಿಂದೊಬ್ಬರಿಗೆ ಹರಡುವುದರಿಂದ ಬಾಚಣಿಗೆ, ಕ್ಲಿಪ್ ಬೇರೆ ಮಾಡಿ. ನುಣ್ಣಗೆ, ದುಂಡಗೆ, ಹೊಟ್ಟಿಲ್ಲದ ಬೋಳು ಇದ್ದರೆ ಅಲೊಪೇಸಿಯಾ ಏರಿಯೇಟಾ, ಅಂದರೆ ದೇಹದ ರಕ್ಷಣಾ ವ್ಯವಸ್ಥೆಯೇ ಕೂದಲಿನ ಬುಡಕ್ಕೆ ಏಟು ಕೊಡುವ ಕಾಯಿಲೆ ಇರಬಹುದು. ಎರಡರಲ್ಲಿ ಯಾವುದೇ ಆದರೂ ಚರ್ಮದ ಡಾಕ್ಟರಿಗೆ ತೋರಿಸಬೇಕಾದದ್ದು, ಎಣ್ಣೆ ಬದಲಿಸಿ ಕಾಯುವಂಥದ್ದಲ್ಲ.

ಬಿಳಿ ಚುಕ್ಕೆಗಳು

ಬೆರಳಲ್ಲಿ ತಟ್ಟಿದರೆ ಉದುರಿದರೆ ಹೊಟ್ಟು. ಕೂದಲಿಗೆ ಅಂಟಿಕೊಂಡು, ಉಗುರಿನಿಂದ ಜಾರಿಸಿ ಎಳೆಯಬೇಕಾದರೆ ಸೀರು. ಕಿವಿಯ ಹಿಂದೆ ಮತ್ತು ಕತ್ತಿನ ಮೇಲೆ ಮೊದಲು ಹುಡುಕಿ. ಬುಡದಿಂದ ಸುಮಾರು 6 ಮಿಲಿಮೀಟರ್ ಒಳಗಿರುವ ಸೀರು ಜೀವಂತವಿರುವ ಸಾಧ್ಯತೆ ಹೆಚ್ಚು, ಅದಕ್ಕಿಂತ ದೂರದ್ದು ಸಾಮಾನ್ಯವಾಗಿ ಬರಿದಾದ ಚಿಪ್ಪು. ಚಿಕಿತ್ಸೆ ಬೇಕೋ ಎಂದು ನಿರ್ಧರಿಸಲು ಓಡಾಡುವ ಹೇನು ಸಿಗಬೇಕು. ಬೆಳೆದ ಹೇನು 2ರಿಂದ 3 ಮಿಲಿಮೀಟರ್ ಉದ್ದ. ಅದು ಹಾರುವುದೂ ಇಲ್ಲ, ಜಿಗಿಯುವುದೂ ಇಲ್ಲ, ತಲೆಗೆ ತಲೆ ತಾಗಿದಾಗ ನಡೆದು ಬರುತ್ತದೆ. ಕೊಳಕಿಗೂ ಹೇನಿಗೂ ಸಂಬಂಧವಿಲ್ಲ; ತೊಳೆದ ಕೂದಲೂ ಅದಕ್ಕೆ ಒಂದೇ.

ಒದ್ದೆ ಕೂದಲಿಗೆ ಧಾರಾಳವಾಗಿ ಕಂಡಿಷನರ್ ಹಚ್ಚಿ, ಬುಡದಿಂದ ತುದಿಗೆ ಸೀರಣಿಗೆಯಲ್ಲಿ ಎಳೆದು ಪ್ರತಿ ಸಲ ಬಿಳಿ ಬಟ್ಟೆಗೆ ಒರೆಸಿ ನೋಡಿ. ಸೀರು ಒಡೆಯಲು ಒಂದು ವಾರದಿಂದ ಹತ್ತು ದಿನ ಬೇಕಾಗುವುದರಿಂದ ಒಂದೇ ಸಲ ಬಾಚಿ ಮುಗಿಯಿತು ಎನ್ನುವಂತಿಲ್ಲ. ಮೂರು ನಾಲ್ಕು ದಿನಕ್ಕೊಮ್ಮೆ, ಎರಡು ವಾರವಾದರೂ ಮಾಡಬೇಕು. ಔಷಧಿ ಹಚ್ಚುವುದಾದರೆ ಪ್ಯಾಕೆಟ್ಟಿನಲ್ಲಿ ಬರೆದ ದಿನಕ್ಕೆ ಎರಡನೆಯ ಸಲ ಹಚ್ಚುವುದು ತಪ್ಪಿಸಬೇಡಿ. 2 ವರ್ಷದೊಳಗಿನ ಮಗುವಾದರೆ ಡಾಕ್ಟರನ್ನು ಕೇಳದೆ ಹಚ್ಚಬೇಡಿ.

ಸಿಕ್ಕಿಹಾಕಿಕೊಂಡ ಬ್ಯಾಂಡ್, ಅಂಟಿದ ಗಮ್

ಸಣ್ಣ ಬ್ಯಾಂಡ್ ಬಿಚ್ಚಲು ಹೋಗಬೇಡಿ, ಕತ್ತರಿಸಿ. ಚೂಪು ತುದಿಯ ಕತ್ತರಿ ಬೇಡ, ಮೊಂಡು ತುದಿಯ ಚಿಕ್ಕ ಕತ್ತರಿ ಸಾಕು. ಬ್ಯಾಂಡಿನಡಿ ಬಾಚಣಿಗೆಯ ಬಾಲ ತೂರಿಸಿ ಎತ್ತಿ, ಎತ್ತಿದ ಜಾಗದಲ್ಲಿ ಮಾತ್ರ ಕತ್ತರಿ ಹಾಕಿ, ಕತ್ತರಿಯ ಬಾಯಿ ತಲೆಯಿಂದ ಹೊರಮುಖವಾಗಿರಲಿ. ಚೂಯಿಂಗ್ ಗಮ್ ಅಂಟಿದ್ದರೆ ಅದರ ಮೇಲೂ ಸುತ್ತಲೂ ಎಣ್ಣೆ ಸವರಿ ಕೆಲವು ನಿಮಿಷ ಬಿಟ್ಟು, ಬೆರಳಲ್ಲಿ ತುದಿಯ ಕಡೆಗೆ ಜಾರಿಸಿ. ಬುಡದ ಕಡೆಗೆ ಉಜ್ಜಿದರೆ ಇನ್ನಷ್ಟು ಹರಡುತ್ತದೆ. ಬೆರಳಿಗೂ ಎಣ್ಣೆಗೂ ಬಗ್ಗದ ಗಂಟಿದ್ದರೆ ಅಡ್ಡಡ್ಡ ಕತ್ತರಿಸಬೇಡಿ. ಕೂದಲಿನ ಉದ್ದಕ್ಕೆ, ಗಂಟಿನ ಮಧ್ಯಕ್ಕೆ ಒಂದೆರಡು ಸೀಳು ಕೊಟ್ಟು ಮತ್ತೆ ತುದಿಯಿಂದ ಬಾಚಿ. ಹೋಗುವುದು ಕೆಲವೇ ಕೂದಲು, ಮೊಂಡು ಕುಚ್ಚು ಉಳಿಯುವುದಿಲ್ಲ.